ನಾಲ್ಕು ಬೆರಳಿನ ಜಾಗ

ರಿಬ್ಬನ್ನಿನ ಎಡತುದಿ ಅಂಟು ಬಿಡುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಜಾರಿ ಬೀಳುತ್ತದೆ, ಬೀಳಲಿ, ಅದು ಅವಳ ಕೆಲಸವಲ್ಲ, ಅವಳ ಕೆಲಸ ಯಾವಾಗಲೋ ಮುಗಿಯಿತು — ಆದರೂ ಕಾಲು ತಾನಾಗಿಯೇ ಅತ್ತ ಹೋಗುತ್ತದೆ, ಹೆಬ್ಬೆರಳು ಟೇಪನ್ನು ಒತ್ತುತ್ತದೆ, ಮರಳಿ ಬಂದು ಸಾಲಿನಲ್ಲಿ ನಿಲ್ಲುತ್ತಾಳೆ, ಯಾರೂ ನೋಡಲಿಲ್ಲ, ನೋಡುವುದಾದರೂ ಏನಿತ್ತು, ಬೀಳುವ ಮೊದಲೇ ಹಿಡಿದರೆ ಯಾರಿಗೆ ಕಾಣುತ್ತದೆ, ಬಿದ್ದ ಮೇಲೆ ಓಡಿಬಂದು ಎತ್ತಿದರೆ ತಾನೆ ಚಪ್ಪಾಳೆ. ದೊಡ್ಡ ಸಾಹೇಬರು ಮೈಕಿನ ಕುತ್ತಿಗೆ ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ, ಹೊಸ ಬಣ್ಣದ ವಾಸನೆಗೆ ಅವರಿಗೆ ಕೆಮ್ಮು ಬರುತ್ತದೆ, ಕಂಪನಿ ಅವರದು, ಆಸ್ಪತ್ರೆಯ ಈ ಹೊಸ ಕಟ್ಟಡ ಕಟ್ಟಿದ್ದು ಅವರ ಕಂಪನಿ, ಕಟ್ಟಿಸಿದ ಪ್ರಾಜೆಕ್ಟ್ ಮ್ಯಾನೇಜರ್ ಇವಳು, ಮಾತು ಕೊಟ್ಟ ದಿನಕ್ಕಿಂತ ಮೊದಲೇ ಮುಗಿಸಿದ್ದೂ ಇವಳು, ಮತ್ತು ಈ ಭಾಷಣದ ಕೊನೆಗೆ ಇನ್ನು ಮುಂದೆ ಕಂಪನಿಯ ಎಲ್ಲ ಕಟ್ಟಡಗಳ ಕೆಲಸಕ್ಕೂ ಮುಖ್ಯಸ್ಥರು ಯಾರು ಅಂತ ಸಾಹೇಬರು ಹೇಳುತ್ತಾರೆ. ಯಾರು ಅಂತ ಏನು ಬಂತು, ಹೋದ ವರ್ಷವೇ ಬಾಯಿಬಿಟ್ಟು ಹೇಳಿದ್ದರಲ್ಲ, ಆ ಕುರ್ಚಿ ನಿಮ್ಮದೇ ಅಂದ್ಕೊಳ್ಳಿ ಮೇಡಂ. ಅಂದುಕೊಂಡಳು. ಗಂಡನೂ ಅಂದುಕೊಂಡ, ಬೆಳಿಗ್ಗೆ ಬಾಗಿಲಲ್ಲಿ ನಿಂತು, ಮುಖ್ಯಸ್ಥರೇ, ಸಂಜೆ ಬರುವಾಗ ಒಂದು ಪ್ಯಾಕೆಟ್ ಹಾಲು ತರೋಕ್ಕಾಗುತ್ತಾ, ಇಲ್ಲ ಅದಕ್ಕೂ ಆಳು ಕಳಿಸ್ತೀರಾ ಅಂತ ರೇಗಿಸಿದ.

ಸಾಲಿನ ಆ ತುದಿಗೆ ಫೈರ್ ಎಂಜಿನ್ ನಿಂತಿದ್ದಾನೆ. ಕಂಪನಿಯ ಇನ್ನೊಂದು ಕಟ್ಟಡದ ಮ್ಯಾನೇಜರ್, ಹುಡುಗರು ಪ್ರೀತಿಯಿಂದ ಇಟ್ಟ ಹೆಸರು, ಎಲ್ಲಿ ಹೊಗೆ ಬಂದರೂ ಅವನು ಓಡುತ್ತಾನೆ, ಹೊಗೆ ಎಬ್ಬಿಸಿದ್ದೂ ಅವನೇ ಅನ್ನೋದನ್ನು ಯಾರೂ ಕೇಳುವುದಿಲ್ಲ — ಪೈಪ್ ಎಳೆಯುವ ಮೊದಲೇ ನೆಲಕ್ಕೆ ಟೈಲ್ಸ್ ಕೂರಿಸಿಬಿಟ್ಟ ಮಹಾಶಯ, ಆಮೇಲೆ ಅದನ್ನೆಲ್ಲ ಒಡೆಸಿದ, ತಾನೇ ಸುತ್ತಿಗೆ ಹಿಡಿದ, ಮೈತುಂಬ ಧೂಳು ಮೆತ್ತಿಕೊಂಡ ಅವನ ಫೋಟೋ ಆಫೀಸಿನ ಎಲ್ಲರ ಫೋನಿಗೂ ಬಂತು, ಸಾಹೇಬರು ಅದರ ಕೆಳಗೆ ಇವನು ನಮ್ಮ ಹುಲಿ ಅಂತ ಬರೆದರು, ಅವತ್ತು ಇವಳು ಎಂದಿನಂತೆ ಐದು ಗಂಟೆಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು. ಹೊರಟೇ ಬಿಟ್ರಾ ಮೇಡಂ ಅಂತ ಕೇಳಿದ ಲೆಕ್ಕದ ಮೇಜಿನವನು, ಪಾಪ ಮನೆ ಕೆಲಸ ಇರುತ್ತಲ್ಲ. ಪಾಪವಂತೆ, ನಿನ್ನ ತಲೆ, ಮನೆ ಕೆಲಸ ಗಂಡ ಮಾಡುತ್ತಾನೆ, ನಾನು ಹೊರಟದ್ದು ಇಲ್ಲಿ ಕೆಲಸ ಮುಗಿದಿದೆ ಅಂತ ಕಣಯ್ಯ ಅನ್ನಬೇಕೆಂದುಕೊಂಡಳು, ಬರೀ ನಕ್ಕಳು, ಹಲ್ಲು ತೋರಿಸಿ ತೋರಿಸಿಯೇ ಇಷ್ಟು ವರ್ಷ ಕಳೆಯಿತು. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಇವತ್ತು ಏನು ಕೆಡಬಹುದು, ಅಷ್ಟೇ, ಗಾರೆಯವರು ಹೇಳುತ್ತಿದ್ದರು, ವಯರಿಂಗ್‌ನವರು ಹೇಳುತ್ತಿದ್ದರು, ಹೇಳಿದವರೇ ದಾರಿಯನ್ನೂ ಹುಡುಕುತ್ತಿದ್ದರು, ನನ್ನನ್ನ ಕೇಳೋಕ್ಕೆ ಬರಬೇಡಿ, ಸರಿ ಅನಿಸಿದ್ದು ಮಾಡಿ, ಆಮೇಲೆ ಹೇಳಿ, ತಪ್ಪಾದರೆ ಬೈಗುಳ ನನಗಿರಲಿ — ತಪ್ಪಾಗಲಿಲ್ಲ, ಅದೇ ತಪ್ಪಾಯಿತೋ ಏನೋ.

ಸಾಹೇಬರು ಹಗಲಿರುಳು ಅಂದರು. ಹಗಲಿರುಳೆನ್ನದೆ ಬೆವರು ಸುರಿಸಿದ ಅಂದರು, ಇವಳ ಬಗ್ಗೆ ಮಾತಾಡುವವರು ಇರುಳು ಅನ್ನುವುದಿಲ್ಲ, ಇಲ್ಲ, ಭಾಷಣ ತಾನೆ, ಎಲ್ಲರಿಗೂ ಸೇರಿಸಿ ಹೇಳುತ್ತಿರಬೇಕು, ಮುಂದೆ ಬರುತ್ತದೆ, ಕಟ್ಟಡದ ಮಾತು ಬಂದೇ ಬರುತ್ತದೆ, ಸುಣ್ಣದ ಗೆರೆಯ ಮಾತೂ ಬರಬಹುದು — ಇಲ್ಲಿ ಗೋಡೆಗಳೇ ಇರಲಿಲ್ಲ ಆಗ, ಬರೀ ಬೋಳು ನೆಲ, ಬಿಸಿಲು, ಅದರ ಮೇಲೆ ಅವಳು ಸುಣ್ಣದಲ್ಲಿ ಗೆರೆ ಹಾಕಿಸಿದ್ದಳು, ಇದು ಗೋಡೆ, ಇದು ಬಾಗಿಲು, ಇದು ಆಪರೇಷನ್ ಕೋಣೆಗೆ ತಿರುಗುವ ಮೂಲೆ, ಹಳೆಯ ಕಟ್ಟಡದಿಂದ ದೊಡ್ಡ ಸಿಸ್ಟರನ್ನು ಕರೆಸಿ, ಚಕ್ರವಿರುವ ಕಬ್ಬಿಣದ ಮಂಚವೊಂದನ್ನು ತರಿಸಿ, ಗೋಡೆ ಇದೆ ಅಂತಲೇ ಅಂದ್ಕೊಂಡು ತಳ್ಳಿ ಸಿಸ್ಟರ್ ಅಂದಳು. ಮೇಡಂ ಕುಂಟೆಬಿಲ್ಲೆ ಆಡಿಸ್ತಿದ್ದಾರೆ ಅಂತ ಗಾರೆಯವರು ಬಿದ್ದು ಬಿದ್ದು ನಕ್ಕರು, ಸಿಸ್ಟರೂ ನಗುತ್ತಲೇ ತಳ್ಳಿದರು, ಮೂಲೆಗೆ ಬಂದಾಗ ಮಂಚ ಗೆರೆ ದಾಟಿತು, ಹಿಂದೆ ಎಳೆದು ಮತ್ತೆ ತಿರುಗಿಸಿದರು, ಮತ್ತೆ ದಾಟಿತು, ನಗು ನಿಂತಿತು. ಇವಳು ಚಪ್ಪಲಿಯ ಕಾಲಿನಿಂದ ಗೆರೆಯನ್ನು ಒರೆಸಿ ಹಿಂದಕ್ಕೆ ಹಾಕಿಸಿದಳು. ಕಾಗದದ ಮೇಲೆ ಸರಿಯಾಗಿದ್ದ ಗೋಡೆ, ಎದ್ದ ಮೇಲಾದರೆ ಒಡೆಯಬೇಕಿತ್ತು, ಸುತ್ತಿಗೆ, ಧೂಳು, ಫೋಟೋ, ಹುಲಿ. ಈಗ ಸಾಕಲ್ಲ ಅಂದರು ಸಿಸ್ಟರ್, ಮಂಚ ತಿರುಗಿತು. ಸಾಲದು. ಇವಳು ಮಂಚದ ಪಕ್ಕದ ಸರಳನ್ನು ಮುಷ್ಟಿಯಲ್ಲಿ ಹಿಡಿದು, ಮುಷ್ಟಿಯ ಆಚೆಗೆ ಇನ್ನೊಂದು ಕೈಯ ನಾಲ್ಕು ಬೆರಳು ಇಟ್ಟು, ಇಷ್ಟು ಜಾಗ ಬೇಕು, ಗೋಡೆ ಇದರಾಚೆ ಬರಲಿ ಅಂದಳು. ಯಾಕೆ ಅಂತ ಸಿಸ್ಟರ್ ಕೇಳಿದರು. ಇರಲಿ ಅಂದಳು.

ಯಾಕೆಂದರೆ ಅಮ್ಮ. ಬಾಡಿಗೆ ಮನೆಯ ಮೂರನೇ ಮಹಡಿ, ಉಸಿರು ಸಿಗದೆ ಒದ್ದಾಡುತ್ತಿದ್ದ ಅಮ್ಮ, ಸ್ಟ್ರೆಚರ್ ಮೆಟ್ಟಿಲ ತಿರುವಿನಲ್ಲಿ ತಿರುಗಲೇ ಇಲ್ಲ, ಅಣ್ಣ ಬೈಯುತ್ತಿದ್ದ, ಯಾರನ್ನೋ, ಎಲ್ಲರನ್ನೂ, ಕೊನೆಗೆ ಅಡುಗೆಮನೆಯ ಕುರ್ಚಿಗೆ ಅಮ್ಮನನ್ನು ಸೀರೆಯಲ್ಲಿ ಕಟ್ಟಿ ಇಳಿಸಿದರು, ಅಮ್ಮ ಭಯಕ್ಕೆ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು, ಒಂದೊಂದು ತಿರುವಿಗೂ ಆ ಕೈ ಗೋಡೆಗೆ ಉಜ್ಜಿತು, ಬಿಡಮ್ಮಾ ಕೈ ಒಳಗೆ ತಗೊ ಅಂದರೂ ಬಿಡಲಿಲ್ಲ, ಕೆಳಗೆ ಬರುವಷ್ಟರಲ್ಲಿ ಬೆರಳ ಗೆಣ್ಣುಗಳ ಚರ್ಮ ಸುಲಿದುಹೋಗಿ ಒಳಗಿನ ಕೆಂಪು ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಕೈಗೇನಾಯ್ತು ಅಂತ. ಅಮ್ಮ ಆ ಉಸಿರಿನಲ್ಲೂ ನಕ್ಕು, ಆ ಗೋಡೆ ಕಟ್ಟಿದವನು ಮನೇಲಿ ಯಾರನ್ನೂ ಎತ್ಕೊಂಡು ಇಳಿದಿಲ್ಲ ಕಣೆ ಅಂದಳು. ಅದೇ ವಾರ ಹೋದಳು. ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿಯೇ ಇರಲಿಲ್ಲ, ಬಿಳೀ ಬಟ್ಟೆ, ಗೆಣ್ಣಿನ ಹತ್ತಿರ ಕೆಂಪು.

ಚಪ್ಪಾಳೆ. ಯಾಕೆ ಚಪ್ಪಾಳೆ — ಫೈರ್ ಎಂಜಿನ್ ಮುಂದೆ ಹೋಗುತ್ತಿದ್ದಾನೆ, ಕೈಮುಗಿಯುತ್ತಿದ್ದಾನೆ, ನಮ್ಮ ಹೊಸ ಮುಖ್ಯಸ್ಥರು ಅಂತ ಸಾಹೇಬರ ಧ್ವನಿ ಮೈಕಿನಲ್ಲಿ ಕೀರಲಾಗಿ ಕೇಳುತ್ತದೆ, ಅವಳ ಕೈಗಳೂ ತಟ್ಟುತ್ತಿವೆ, ಎಂಥ ಕೈಗಳಿವು, ಮಾನವಿಲ್ಲದವು. ಆ ಕುರ್ಚಿ ನಿಮ್ಮದೇ ಅಂದ್ಕೊಳ್ಳಿ, ಅಂದುಕೊಳ್ಳುವುದಕ್ಕೆ ಕಾಸು ಕೊಡಬೇಕಿಲ್ಲವಲ್ಲ, ಅಂದುಕೊಂಡಿರು. ಸಾಹೇಬರು ಇಳಿದು ಬಂದು ಅವಳ ಪಕ್ಕದಲ್ಲಿ ನಿಂತು ದನಿ ತಗ್ಗಿಸಿದರು. ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ಕಡೆ ಏನೂ ಆಗಲೇ ಇಲ್ಲವಲ್ಲ. ಕಷ್ಟ ಬಂದಾಗ ನೀವು ಹೇಗೆ ಅಂತ ನನಗೆ ಹೇಗೆ ಗೊತ್ತಾಗಬೇಕು ಹೇಳಿ. ಅವನ ಜೊತೆಗಿದ್ದು ಆ ಕುಂಟೆಬಿಲ್ಲೆ ವಿದ್ಯೆ ಅವನಿಗೂ ಸ್ವಲ್ಪ ಕಲಿಸಿಕೊಡಿ ಅಂತಲೂ ಅಂದರು, ಐದು ಗಂಟೆಗೆ ಹೋಗೋಕ್ಕೆ ಯಾರ ಅಡ್ಡಿಯೂ ಇಲ್ಲವಂತೆ. ಕಲಿಸಬೇಕಂತೆ, ಕೆಲಸ ಇವಳದು, ಕುರ್ಚಿ ಅವನದು, ಸಂಬಳಕ್ಕೆ ಸಹಿ ಹಾಕುವವನೂ ನಾಳೆಯಿಂದ ಅವನೇ. ಒಂದು ಗೋಡೆಯನ್ನಾದರೂ ತಪ್ಪಾಗಿ ಏಳಲು ಬಿಡಬೇಕಿತ್ತು, ಆ ಮೂಲೆಯನ್ನೇ ಬಿಡಬೇಕಿತ್ತು, ಎಲ್ಲರೆದುರು ಸುತ್ತಿಗೆ ಹಿಡಿಯಬೇಕಿತ್ತು, ಬಿಡಬೇಕಿತ್ತು, ಥೂ, ಬಿಡಲು ಆಗುತ್ತಿತ್ತೆ.

ರಿಬ್ಬನ್ ಕತ್ತರಿಸಿದರು, ಟೇಪು ಕೊನೆಯವರೆಗೂ ಗಟ್ಟಿಯಾಗಿ ನಿಂತಿತ್ತು. ಎಲ್ಲರೂ ಹೊಸ ಮುಖ್ಯಸ್ಥನ ಸುತ್ತ, ಕೈಕುಲುಕು, ಫೋಟೋ, ಅವಳಿಗೆ ಗೋಡೆಗೆ ಒರಗಬೇಕೆನಿಸುತ್ತದೆ, ಬಣ್ಣ ಇನ್ನೂ ಹಸಿಯಿರಬಹುದೆಂದು ಒರಗುವುದಿಲ್ಲ, ಅಷ್ಟರಲ್ಲಿ ಹಳೆಯ ಕಟ್ಟಡದ ಕಡೆಯಿಂದ ಚಕ್ರದ ಸದ್ದು, ದೊಡ್ಡ ಸಿಸ್ಟರ್ ಮೊದಲ ರೋಗಿಯನ್ನು ತರುತ್ತಿದ್ದಾರೆ, ಯಾರೋ ಮುದುಕಿ, ಬಾಯಿ ತೆರೆದು ಉಸಿರಾಡುತ್ತಿದ್ದಾಳೆ, ದಾರಿ ಬಿಡಿ ದಾರಿ ಬಿಡಿ, ಯಾರೂ ತಿರುಗಿ ನೋಡುವುದಿಲ್ಲ, ನಗುತ್ತಲೇ ಸರಿದು ನಿಲ್ಲುತ್ತಾರೆ, ಮಂಚ ಮೂಲೆಗೆ ಬರುತ್ತದೆ, ಮುದುಕಿ ಭಯಕ್ಕೆ ಪಕ್ಕದ ಸರಳನ್ನು ಹಿಡಿದಿದ್ದಾಳೆ, ಹೊರಗಡೆಯಿಂದ, ಗೆಣ್ಣುಗಳು ಹೊರಕ್ಕೆ, ಕೈ ಒಳಗೆ ತಗೊ ಅಮ್ಮಾ — ಸಿಸ್ಟರ್ ನಿಧಾನ ಕೂಡ ಮಾಡುವುದಿಲ್ಲ, ಮಂಚ ತಿರುಗುತ್ತದೆ, ಗೋಡೆ, ಕೈ, ಗೋಡೆ, ನಡುವೆ ನಾಲ್ಕು ಬೆರಳು, ಏನೂ ಆಗಲಿಲ್ಲ, ಏನೂ ಆಗಲೇ ಇಲ್ಲ, ಗೆಣ್ಣುಗಳ ಮೇಲೆ ಚರ್ಮ ಇದ್ದಂತೆಯೇ ಇದೆ, ಆ ಕೈ, ಸುಲಿಯದ ಆ ಕೈ —