ಮಧ್ಯದ ತುಂಡು

೨೦೧೯ರ ಮಾರ್ಚ್ ೧೦, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳು ಗಾಳಕ್ಕೆ ಕಟ್ಟಿದ, ಏಡಿಯ ಆಕಾರದ ಫ್ಲೈಯೊಂದನ್ನು ಎತ್ತರದ ಗಾಜಿನ ಜಾಡಿಯೊಳಗೆ ಬಿಟ್ಟು ಸ್ಟಾಪ್‌ವಾಚ್ ಒತ್ತಿದಳು. ಜಾಡಿಯಲ್ಲಿದ್ದದ್ದು ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು ಕರಗಿಸಿದ ನೀರು. ಫ್ಲೈ ಗಾಳದ ಮೊನೆಯನ್ನು ಮೇಲೆ ಮಾಡಿಕೊಂಡು ಮೂವತ್ತು ಸೆಂಟಿಮೀಟರ್ ಇಳಿದು ತಳ ಮುಟ್ಟಲು ಎರಡೂಕಾಲು ಸೆಕೆಂಡು ಹಿಡಿಯಿತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಫ್ಲೈಯನ್ನು ಇಕ್ಕಳದಿಂದ ಎತ್ತಿ, ‘ಮೊಣಕಾಲುದ್ದ ನೀರು’ ಎಂಬ ಚೀಟಿಯಿದ್ದ ಟ್ರೇಗೆ ಹಾಕಿದಳು.

ಇಕ್ಕಳ, ಟ್ರೇ, ತಲೆಯ ಮೇಲಿನ ದೀಪ ಎಲ್ಲವೂ ಅಣ್ಣನ ಹಲ್ಲಿನ ಕ್ಲಿನಿಕ್ಕಿನವು. ಭಾನುವಾರ ರೋಗಿಗಳಿರುವುದಿಲ್ಲ. ಮೀನು ಹಿಡಿಯಲು ಸಮುದ್ರಕ್ಕೆ ಹೊರಡುವ ಹಿಂದಿನ ದಿನ ಸಾಮಾನು ಆರಿಸುವುದು ಇಲ್ಲಿಯೇ. ಹೊರಡುವವರು ಮೂವರು: ಹಲ್ಲಿನ ಡಾಕ್ಟರಾದ ಅಣ್ಣ, ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಳು, ಮತ್ತೆ ಅಣ್ಣನ ಬಾಲ್ಯದ ಗೆಳೆಯ, ಗಡಿಯಾರ ರಿಪೇರಿಯವನು. ಗಡಿಯಾರದವನು ರೋಗಿಗಳ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿ, ಭೂತಗನ್ನಡಿ ಹಿಡಿದು ಗಾಳಗಳ ಮೊನೆ ಪರೀಕ್ಷಿಸುತ್ತಿದ್ದ. ತುಕ್ಕಿನ ಚುಕ್ಕೆ ಕಂಡರೆ ಪಕ್ಕದ ಉಗುಳುವ ಬೇಸಿನ್ನಿಗೆ ಎಸೆಯುತ್ತಿದ್ದ.

ಗರಿ, ಕೂದಲು, ದಾರಗಳನ್ನು ಗಾಳಕ್ಕೆ ಸುತ್ತಿ ಮಾಡುವ ಹುಸಿ ಆಹಾರಕ್ಕೆ ಹೆಸರೇನೋ ಫ್ಲೈ, ಅಂದರೆ ನೊಣ. ಸಮುದ್ರದಲ್ಲಿ ಯಾವ ಮೀನೂ ನೊಣಕ್ಕೆ ಕಾದು ಕೂತಿರುವುದಿಲ್ಲ. ಅಲ್ಲಿಗೆ ಬೇಕಾದದ್ದು ಸಿಗಡಿ, ಏಡಿ, ಬೆರಳುದ್ದದ ಮೀನು. ಬಿಳಿ ಮರಳಿಗೆ ತಿಳಿ ಬಣ್ಣದ್ದು, ಜೊಂಡು ಬೆಳೆದ ತಳಕ್ಕೆ ಹಸಿರು ಮಿಶ್ರಿತ ಕಂದು ಬಣ್ಣದ್ದು. ಬಣ್ಣಕ್ಕಿಂತ ತೂಕ ಮುಖ್ಯ ಎಂಬುದು ಅವಳ ವಾದ. ತಡವಾಗಿ ಇಳಿದರೆ ಮೀನು ದಾಟಿ ಹೋಗಿರುತ್ತದೆ, ಬೇಗ ಇಳಿದರೆ ಸದ್ದಿಗೆ ಬೆದರುತ್ತದೆ. ಅದಕ್ಕೇ ಅವಳು ಕಳೆದ ಎರಡು ತಿಂಗಳು ತಾನೇ ಕಟ್ಟಿದ ನಲವತ್ತೆಂಟು ಫ್ಲೈಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟು ಹೊತ್ತು ಅಳೆಯುತ್ತಿದ್ದಳು.

“ಇಷ್ಟೆಲ್ಲ ಅಳೆದು ಕಡೇಲಿ ಗಂಟು ಮಾತ್ರ ಭದ್ರ ಹಾಕಮ್ಮ, ಜಾರುಗಂಟು,” ಎಂದ ಗಡಿಯಾರದವನು.

ಅವಳು ಮುಂದಿನ ಫ್ಲೈಯನ್ನು ನೀರಿಗೆ ಬಿಟ್ಟಳು. ಸ್ಟಾಪ್‌ವಾಚ್ ಒತ್ತಲು ಮರೆತಳು.

ಜಾರುಗಂಟು ಎಂಬ ಆ ಅಡ್ಡಹೆಸರು ಅವಳಿಗೆ ಬಿದ್ದು ಎರಡು ವರ್ಷವಾಗಿತ್ತು. ಅವತ್ತು ಸೊಂಟದುದ್ದ ನೀರಿನಲ್ಲಿ ಅವಳ ಫ್ಲೈಗೆ ಬಿದ್ದದ್ದು ಒಂದು ದೊಡ್ಡ ಬೆಳ್ಳಿ ಮೀನು. ಮೊದಲ ಓಟಕ್ಕೇ ರೀಲಿನಿಂದ ನೂರು ಮೀಟರ್ ದಾರ ಹೋಗಿತ್ತು. ಅವಳು ತಡೆದಳು, ಮೀನು ತಿರುಗಿತು, ಎಳೆದಳು, ಥಟ್ಟನೆ ಕೈ ಹಗುರಾಯಿತು. ದೋಣಿಯಿಂದ ಇಳಿದು ಬಂದ ಅಣ್ಣ ಅವಳಿಗಿಂತ ಮುಂಚೆ ದಾರ ಎಳೆದುಕೊಂಡು, ತುದಿ ನೋಡಿ, ಉಳಿದ ತುಂಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡು, ನಿನ್ನ ಗಂಟು ಜಾರಿದೆ ಎಂದಿದ್ದ. ಅವಳು ಹಾಕಿದ್ದು ಅದೊಂದೇ ಗಂಟು, ಫ್ಲೈಗೆ ದಾರ ಕಟ್ಟುವ ಗಂಟು. ಉಳಿದದ್ದೆಲ್ಲ ಅಣ್ಣನ ಕೈಯದು. ಅವರ ಮನೆಯ ಪದ್ಧತಿ ಹಾಗೆ. ದಪ್ಪ ದಾರಕ್ಕೂ ಫ್ಲೈಗೂ ನಡುವೆ, ನೀರಿನಲ್ಲಿ ಕಾಣದ ಹಾಗೆ ದಪ್ಪದಿಂದ ಸಣ್ಣಕ್ಕೆ ಇಳಿಯುವ ಮೂರು ಮೀಟರಿನ ತುದಿದಾರವನ್ನು ಐದು ತುಂಡು ಗಂಟು ಹಾಕಿ ಮಾಡುವುದು ಹಿರಿಯರ ಕೆಲಸ. ಮೊದಲು ಅಪ್ಪ ಎಲ್ಲರಿಗೂ ಮಾಡಿಕೊಡುತ್ತಿದ್ದರು, ಅವರ ನಂತರ ಅಣ್ಣ. ಅದನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಪರೀಕ್ಷಿಸಿದರೆ ಹಿರಿಯರಿಗೆ ಅವಮಾನ.

ಕಳೆದ ವರ್ಷ ದೋಣಿಯ ಎಂಜಿನ್ ಕೆಟ್ಟು ಪ್ರಯಾಣವೇ ನಿಂತಿತ್ತು. ಈ ಎರಡು ವರ್ಷ ಅವಳು ಗಂಟು ಕಲಿತಳು. ಮೇಜಿನ ಕಾಲಿಗೆ, ಬಾಗಿಲ ಚಿಲಕಕ್ಕೆ, ವಿಭಾಗದ ಸಭೆಗಳಲ್ಲಿ ಪೆನ್ನಿನ ಕ್ಯಾಪಿಗೆ. ನಾಳೆ ಅದೇ ನೀರಿಗೆ ಇಳಿದು, ಇವರಿಬ್ಬರ ಕಣ್ಣೆದುರೇ ಅಂಥದೊಂದು ಮೀನನ್ನು ಹಿಡಿದು ಬಿಡಬೇಕು ಎಂಬುದಷ್ಟೇ ಅವಳ ಆಸೆ. ಅದಾದ ಮೇಲೆ ಆ ಹೆಸರು ತಾನಾಗಿ ಸಾಯುತ್ತದೆ ಎಂದುಕೊಂಡಿದ್ದಳು.

ಅಣ್ಣ ಗಾಳದ ರಾಡುಗಳ ಕೊಳವೆಗಳನ್ನು ಕಾರಿನಲ್ಲಿಡಲು ಕೆಳಗೆ ಹೋದ. ಹೋಗುವಾಗ, ತುದಿದಾರಗಳನ್ನು ಮುಟ್ಟಬೇಡ, ನಾಳೆ ದೋಣಿಯಲ್ಲಿ ತಾನೇ ಹಾಕಿಕೊಡುತ್ತೇನೆ ಎಂದಿದ್ದ. ಆದರೆ ಅವು ಮೇಜಿನ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿದ್ದವು. ಮಡಿಕೆ ಹಿಡಿದ ನೈಲಾನನ್ನು ಬೆರಳ ನಡುವೆ ಎಳೆದು ಬಿಸಿ ಮಾಡಿ ನೇರ ಮಾಡದಿದ್ದರೆ ಫ್ಲೈ ಸೊಟ್ಟ ಬೀಳುತ್ತದೆ. ಅವಳು ಮೊದಲು ಕೆಂಪು ನೂಲಿನ ಗುರುತಿದ್ದ ಗಡಿಯಾರದವನ ಸುರುಳಿ ತೆಗೆದುಕೊಂಡಳು. ದಪ್ಪ, ಸ್ವಲ್ಪ ಸಣ್ಣ, ಇನ್ನೂ ಸ್ವಲ್ಪ ಸಣ್ಣ. ಬೆರಳಿಗೆ ಇಳಿಜಾರು ಗೊತ್ತಾಗುತ್ತಿತ್ತು. ಆಮೇಲೆ ಹಸಿರು ನೂಲಿನದ್ದು, ಅವಳದು. ದಪ್ಪ, ಸ್ವಲ್ಪ ಸಣ್ಣ, ಆಮೇಲೆ ಒಂದು ಗೇಣಿನಷ್ಟು ಏನೂ ಇಲ್ಲದಂತೆ ತೆಳು, ಮತ್ತೆ ದಪ್ಪ.

ಇನ್ನೊಮ್ಮೆ ಎಳೆದು ನೋಡಿದಳು. ಗಾಳದ ತಂತಿ ಅಳೆಯಲೆಂದು ತಂದಿದ್ದ ಸ್ಕ್ರೂ ಗೇಜನ್ನು ಚೀಲದಿಂದ ತೆಗೆದು, ಮುಚ್ಚಿ, ಸೊನ್ನೆಯ ದೋಷ ನೋಡಿಕೊಂಡು, ಮಧ್ಯದ ತುಂಡನ್ನು ಮೂರು ಕಡೆ ಅಳೆದಳು. ಮೂರು ಕಡೆಯೂ ೦.೧೬ ಮಿಲಿಮೀಟರ್. ಕೆಂಪು ನೂಲಿನದರಲ್ಲಿ ಅದೇ ಜಾಗ ೦.೪೭. ಅಣ್ಣನದರಲ್ಲಿಯೂ ೦.೪೭. ಫ್ಲೈ ಕಟ್ಟುವ ತುದಿ ಮೂರರಲ್ಲಿಯೂ ೦.೪೦. ಅಂದರೆ ಅವಳ ಕೈಗೆ ಸಿಗುವ ತುದಿ ಒಂಬತ್ತು ಕಿಲೋ ತಡೆಯುವಂಥದ್ದು, ಕಣ್ಣಿಗೆ ಬೀಳದ ನಡುಭಾಗ ಒಂದೂವರೆ ಕಿಲೋಗೆ ಹರಿಯುವಂಥದ್ದು. ಸಣ್ಣ ದಾರ ದಪ್ಪ ದಾರದ ಜೊತೆ ಗಂಟಿನಲ್ಲಿ ಕೂರುವುದಿಲ್ಲವೆಂದು ಅದನ್ನು ಎರಡು ಮಡಿಕೆ ಮಾಡಿ, ಏಳು ಸುತ್ತು ಹಾಕಿ, ತುದಿಗಳನ್ನು ಒಪ್ಪವಾಗಿ ಕತ್ತರಿಸಲಾಗಿತ್ತು. ಮರೆತು ಆಗುವ ಕೆಲಸವಲ್ಲ ಅದು. ಒಂದೊಂದು ಗಂಟಿಗೂ ಐದು ನಿಮಿಷವಾದರೂ ಬೇಕು.

ಅಣ್ಣ ಬಂದಾಗ ಅವಳು ಆ ತುಂಡನ್ನು ಎರಡು ಕೈಗಳ ನಡುವೆ ದೀಪದ ಕೆಳಗೆ ಹಿಡಿದು ನಿಂತಿದ್ದಳು.

“ಇದು ಏನು?”

ಅವನು ನೋಡಿದ. ಕಾರಿನ ಬೀಗದ ಕೈಯನ್ನು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಂಡ. ರೀಲು ಬದಲಾಗಿರಬೇಕು, ಕನ್ನಡಕ ಬದಲಾಯಿಸಬೇಕು, ವಯಸ್ಸಾಯಿತು ಎಂದೆಲ್ಲ ಹೇಳಿದ. ಅವಳು ಸ್ಕ್ರೂ ಗೇಜನ್ನು ಅವನ ಮುಂದೆ ಇಟ್ಟಳು.

“ಅಣ್ಣ, ಎರಡು ಮಡಿಕೆ ಮಾಡಿದ್ದೀಯ. ಸಣ್ಣದು ಅಂತ ಗೊತ್ತಿದ್ದವರು ಮಾತ್ರ ಮಡಿಕೆ ಮಾಡ್ತಾರೆ.”

ಗಡಿಯಾರದವನು ಕುರ್ಚಿಯಲ್ಲಿ ಎದ್ದು ಕೂತ. ಭೂತಗನ್ನಡಿ ಮಡಿಚಿದ. ಕಾರಿನ ಟೈರಿಗೆ ಗಾಳಿ ಇದೆಯೋ ಇಲ್ಲವೋ ನೋಡಿಕೊಂಡು ಬರುತ್ತೇನೆ ಎಂದು ಕಾಲು ಕೆಳಗಿಟ್ಟ.

“ಕೂತ್ಕೊಳ್ಳಿ,” ಎಂದಳು ಅವಳು. “ಹೆಸರಿಟ್ಟೋರು ನೀವು.”

ಅವನು ಕೂತ.

ಅಣ್ಣ ಕೈ ತೊಳೆಯುವ ನಲ್ಲಿಯ ಹತ್ತಿರ ಹೋಗಿ, ಕೊಳೆಯಿಲ್ಲದ ಕೈಗಳನ್ನು ತೊಳೆದುಕೊಂಡು, ಬೆನ್ನು ಹಾಕಿಯೇ ಮಾತಾಡಿದ. ಮೂರು ವರ್ಷದ ಹಿಂದೆ ಅವಳು ಪ್ರಯೋಗಾಲಯದ ಮೆಟ್ಟಿಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡದ್ದು, ಒಳಗೆ ಒಂದು ಲೋಹದ ಪಟ್ಟಿ, ಆರು ಸ್ಕ್ರೂ ಕೂತದ್ದು, ಆ ಎಕ್ಸ್‌ರೇ ತಾನೇ ನೋಡಿದ್ದು. ದೊಡ್ಡ ಮೀನು ಓಡುವಾಗ ರೀಲಿನ ಬ್ರೇಕಿಗೆ ಎದುರಾಗಿ ಮೂರು ಕಿಲೋ ಎಳೆತ ನೇರವಾಗಿ ಮಣಿಕಟ್ಟಿಗೆ ಬೀಳುತ್ತದೆ. ಬೇಡ ಎಂದರೆ ಅವಳು ಕೇಳುವವಳಲ್ಲ. ಅದಕ್ಕೆ, ಕೈಗೆ ಏನಾದರೂ ಆಗುವ ಮುಂಚೆ ದಾರವೇ ಹರಿಯಲಿ ಎಂದು.

“ನಿನ್ನ ಕೈ ಎಷ್ಟು ತಡೆಯತ್ತೆ ಅಂತ ನಂಗೆ ಗೊತ್ತಿಲ್ವಾ? ಹೆಚ್ಚು ಅಂದ್ರೆ ಒಂದೂವರೆ ಕಿಲೋ.”

“ಯಾರು ಅಳೆದ್ರು?”

“ಅಳೆಯೋದೇನು, ಅಂದಾಜು.”

ಅವಳು ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಹಸಿರು ನೂಲಿನ ತುದಿದಾರವನ್ನು ಗಂಟು ಗಂಟಿಗೂ ಕತ್ತರಿಸಿದಳು. ನಾಲ್ಕು ಗಂಟುಗಳನ್ನೂ ಒಂದೊಂದಾಗಿ ಬೇಸಿನ್ನಿಗೆ ಹಾಕಿದಳು. ಅವಳ ಕಿವಿ ಕೆಂಪಾಗಿತ್ತು.

“ಅವತ್ತಿಂದೂ ಹೀಗೇನಾ?”

ಅಣ್ಣ ಟವೆಲಿನಿಂದ ಬೆರಳುಗಳ ಸಂದಿ ಒರೆಸಿಕೊಂಡ.

“ಲೋ,” ಎಂದ ಗಡಿಯಾರದವನು ಮೆಲ್ಲಗೆ. “ನಂಗೂ ಒಂದು ಮಾತು ಹೇಳ್ಲಿಲ್ವಲ್ಲೋ. ಎರಡು ವರ್ಷ ನನ್ನ ಬಾಯಲ್ಲಿ ಅನ್ನಿಸ್ದೆ.”

“ನಿಂಗೆ ಹೇಳಿದ್ರೆ ಊರಿಗೆಲ್ಲ ಟಾಂ ಟಾಂ.”

“ಅವರು ಜಾರುಗಂಟು ಅಂದಾಗೆಲ್ಲ ನೀನೂ ನಗ್ತಿದ್ದೆ,” ಎಂದಳು ಅವಳು. ದನಿ ಏರಿರಲಿಲ್ಲ, ಅದರಿಂದಲೇ ಕೋಣೆ ಚಿಕ್ಕದಾದಂತೆ ಅನಿಸಿತು. “ಲ್ಯಾಬಲ್ಲಿ ತೂಕದ ಬೊಟ್ಟು ನೇತು ಹಾಕಿ ಇನ್ನೂರ ಹನ್ನೆರಡು ಗಂಟು ಪರೀಕ್ಷೆ ಮಾಡಿದೀನಿ ಅಣ್ಣ. ಒಂದೂ ಜಾರ್ಲಿಲ್ಲ. ಇನ್ನೂರ ಹನ್ನೆರಡರಲ್ಲಿ ಒಂದೂ ಇಲ್ಲ. ಮಕ್ಕಳಿಗೆ ದಿನಾ ಹೇಳ್ತೀನಿ, ಅಳತೆ ಒಂದು ಹೇಳಿ ಯಾರೋ ಇನ್ನೊಂದು ಹೇಳಿದ್ರೆ ಅಳತೇನ ನಂಬಿ ಅಂತ. ಆದ್ರೂ ನಾನು ನಂಬಿದ್ದು ನಿನ್ನ ಮಾತನ್ನ.”

“ನಿನ್ನ ಒಳ್ಳೇದಕ್ಕೆ.”

“ಕೈ ನಂದು.”

“ಮೊದ್ಲೇ ಹೇಳಿದ್ರೆ ಕೇಳ್ತಿದ್ಯಾ?”

“ಕೇಳ್ತಿರ್ಲಿಲ್ಲ. ಅದಕ್ಕೇ ಹೇಳ್ಬೇಕಿತ್ತು.”

ಅಣ್ಣ ಟವೆಲನ್ನು ನಲ್ಲಿಯ ಮೇಲೆ ಹಾಕಿದ. ಮುಖ ಹುಳ್ಳಗಾಗಿತ್ತು. ಅಪ್ಪ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದರು ಎಂದ. ಇರಬಹುದು, ಅವರ ಮೇಲೂ ಸಿಟ್ಟು ಮಾಡುತ್ತಿದ್ದೆ ಎಂದಳು.

ಆಮೇಲೆ ಅವಳು ಡಾಕ್ಟರು ಕೂರುವ ಗುಂಡು ಸ್ಟೂಲಿನ ಮೇಲೆ ಕೂತು, ನೈಲಾನ್ ರೀಲುಗಳನ್ನು ಸಾಲಾಗಿ ಇಟ್ಟುಕೊಂಡು, ಪ್ರತಿ ತುಂಡನ್ನೂ ಗೇಜಿನಲ್ಲಿ ಅಳೆದು ತುದಿದಾರ ಕಟ್ಟತೊಡಗಿದಳು. ಪ್ರತಿ ಗಂಟನ್ನೂ ಬಿಗಿಯುವ ಮುಂಚೆ ಎಂಜಲಿನಿಂದ ಒದ್ದೆ ಮಾಡುತ್ತಿದ್ದಳು. ಮೂರನೆಯ ಗಂಟಿನಲ್ಲಿ ಒಂದು ಸುತ್ತು ಇನ್ನೊಂದರ ಮೇಲೆ ಏರಿದ್ದನ್ನು ಕಂಡು ಅಣ್ಣನ ಬಾಯಿ ತೆರೆಯಿತು, ಹಾಗೆಯೇ ಮುಚ್ಚಿತು. ಅವಳೂ ಅದನ್ನು ಕಂಡಳು. ಕತ್ತರಿಸಿ ಮತ್ತೆ ಹಾಕಿದಳು. ಗಡಿಯಾರದವನು ಬೇಸಿನ್ನಿನ ಗಾಳಗಳನ್ನು ಒಂದು ಕಾಗದದಲ್ಲಿ ಕಟ್ಟಿ ಕಸದ ಡಬ್ಬಿಗೆ ಹಾಕಿ ಬಂದ. ಏನೋ ಹೇಳಬೇಕೆಂದು ಅವಳ ಪಕ್ಕ ನಿಂತ. ಕೊನೆಗೆ, ಚೆನ್ನಾಗಿ ಬಂದಿದೆ ಎಂದಷ್ಟೇ ಹೇಳಿದ.

ಅವಳು ಕೆಳಗೆ ಹೋಗಿ ಕಾರಿನಿಂದ ತನ್ನ ರಾಡು ತಂದಳು, ಜೊತೆಗೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ. ನಾಲ್ಕು ತುಂಡು ರಾಡನ್ನು ಜೋಡಿಸಿ, ದಾರ ಪೋಣಿಸಿ, ಹೊಸ ತುದಿದಾರ ಕಟ್ಟಿ, ಅದರ ಕೊನೆಯನ್ನು ತಕ್ಕಡಿಯ ಕೊಕ್ಕೆಗೆ ಗಂಟು ಹಾಕಿದಳು. ತಕ್ಕಡಿಯನ್ನು ಅಣ್ಣನ ಕೈಗೆ ಕೊಟ್ಟು, ಕ್ಲಿನಿಕ್ಕಿನ ಹೊರಗಿನ ಉದ್ದ ಕಾರಿಡಾರಿನ ಆ ತುದಿಗೆ ಹೋಗಿ ನಿಲ್ಲು ಎಂದಳು.

“ನಾನು ಎಳೀತೀನಿ. ನೀನು ಓದು.”

“ಹುಚ್ಚಾಟ ಬೇಡ. ಕೈಲಿ ಲೋಹ ಇದೆ.”

“ಗೊತ್ತು. ನನ್ನ ಕೈಲೇ ಇರೋದು.”

ಅವನು ಹೋಗಿ ನಿಂತ. ಎರಡೂ ಬದಿಯ ಗೋಡೆಯ ಬಾಗಿಲುಗಳು ಮುಚ್ಚಿದ್ದವು. ಒಂದು ವಕೀಲರ ಕಚೇರಿ, ಒಂದು ಜೆರಾಕ್ಸ್ ಅಂಗಡಿ. ಗಡಿಯಾರದವನು ಮಣಿಕಟ್ಟಿನ ವಾಚು ನೋಡುತ್ತ ಮಧ್ಯದಲ್ಲಿ ಗೋಡೆಗೆ ಒರಗಿದ, ಒಂದು ನಿಮಿಷವಾದಾಗ ಹೇಳುವುದು ಅವನ ಕೆಲಸ. ಅವಳು ರೀಲನ್ನು ಎಡಗೈಯಿಂದ ಬಿಗಿ ಹಿಡಿದು, ರಾಡಿನ ಬುಡವನ್ನು ಹೊಟ್ಟೆಗೆ ಆನಿಸಿಕೊಂಡು, ಬಲಗೈಯಿಂದ ಎತ್ತಿದಳು. ದಾರ ನೆಲದಿಂದ ಮೇಲೆದ್ದು ಬಿಗಿಯಾಯಿತು. ರಾಡು ಬಾಗಿತು, ಇನ್ನೂ ಬಾಗಿತು. ಮಣಿಕಟ್ಟಿನ ಗಾಯದ ಗೆರೆ ಬಿಳಿಚಿಕೊಂಡಿತು.

ಅಣ್ಣ ಒಂದು ಹೆಜ್ಜೆ ಮುಂದೆ ಬಂದ. ದಾರ ಸಡಿಲವಾಯಿತು.

“ಹಿಂದೆ ಹೋಗು,” ಎಂದಳು.

ಅವನು ಹಿಂದೆ ಹೋಗಿ ಬೆನ್ನನ್ನು ಗೋಡೆಗೆ ಒತ್ತಿ ನಿಂತು ತಕ್ಕಡಿಯನ್ನು ಎರಡು ಕೈಯಲ್ಲಿ ಹಿಡಿದ. ಅವಳು ಮತ್ತೆ ಎತ್ತಿದಳು. ಹಣೆಯಿಂದ ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲು ಕೈ ಇರಲಿಲ್ಲ. ಗಂಟುಗಳು ಐದು ತುಂಡುಗಳ ಉದ್ದಕ್ಕೂ ಬೆಳಕಿನಲ್ಲಿ ಸಾಲಾಗಿ ನಿಂತಿದ್ದವು. ನಿಮಿಷವಾಯಿತು ಎಂದ ಗಡಿಯಾರದವನು. ಅವಳು ಇಳಿಸಲಿಲ್ಲ.

“ಓದು ಅಣ್ಣ.”

ಅವನು ಕನ್ನಡಕ ಹಣೆಗೇರಿಸಿ, ತಕ್ಕಡಿಯ ಮುಖಕ್ಕೆ ಬಾಗಿ, ಮುಳ್ಳು ನಿಲ್ಲುವವರೆಗೂ ಕಾದ.

“ಎರಡು ಕಿಲೋ ಏಳುನೂರು ಗ್ರಾಂ.”