ಹತ್ತು ಗಂಟೆ ಇಪ್ಪತ್ತು ನಿಮಿಷ

ನಾನೂ ದೊಡ್ಡವ್ವನೂ ಅಡುಗೆಮನೆಯ ಮೇಜಿನ ಮುಂದೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆವು. ಮಾತಾಡುವ ಹಾಗಿರಲಿಲ್ಲ. ಆಚೆ ಕೋಣೆಯಲ್ಲಿ ಅವಳ ಮೊಮ್ಮಗಳು, ಆರು ವರ್ಷದ ಇಂಚರಾಳಿಗೆ ಲ್ಯಾಪ್‌ಟಾಪಿನಲ್ಲಿ ಪಾಠ ನಡೆದಿತ್ತು. ಅವಳ ತರಗತಿಯಲ್ಲಿ ಯಾರಿಗೋ ಕೊರೊನಾ ಬಂದು ಎಲ್ಲ ಮಕ್ಕಳನ್ನೂ ಮನೆಗೆ ಕಳಿಸಿದ್ದರು. ಇಂಚರಾಳ ತಂಗಿ, ಎರಡು ವರ್ಷದ ಸ್ಮೃತಿ, ನನ್ನ ಕಾಲಬುಡದಲ್ಲಿ ಡಬ್ಬಿಗಳಿಗೆ ಮುಚ್ಚಳ ಹಾಕುತ್ತ ತೆಗೆಯುತ್ತ ಇದ್ದಳು. ಎಲೆ ಬುಟ್ಟಿಗೆ, ದಂಟು ಪೇಪರಿಗೆ.

ಹತ್ತು ಇಪ್ಪತ್ತಕ್ಕೆ ಇಂಚರಾಳ ಪಾಠದಲ್ಲಿ ಹಣ್ಣು ತಿನ್ನುವ ಬಿಡುವು. ಎದ್ದುಹೋಗಿ ಬಾಳೆಹಣ್ಣು ಕೊಟ್ಟು ಬಂದೆ. ಬಂದು ನೋಡಿದರೆ ದೊಡ್ಡವ್ವ ದಂಟನ್ನು ಬುಟ್ಟಿಗೆ ಹಾಕುತ್ತಿದ್ದಳು, ಎಲೆಯನ್ನು ಪೇಪರಿನ ಮೇಲೆ.

ದೊಡ್ಡವರ ಕೈ ತಪ್ಪಿದರೆ ಬಾಯಿ ಬಿಡದೆ ಸರಿ ಮಾಡಬೇಕು ಎಂದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಕಲಿಸುತ್ತಾರೆ. ನಾನು ಸುಮ್ಮನೆ ಬುಟ್ಟಿಯಿಂದ ದಂಟು ಆರಿಸಿ ತೆಗೆಯತೊಡಗಿದೆ. ಅವಳು ಹಾಕುವುದು, ನಾನು ತೆಗೆಯುವುದು. ಹೀಗೆ ಹತ್ತು ನಿಮಿಷ ಕಳೆದಿರಬೇಕು. ಆ ಹತ್ತು ನಿಮಿಷ ನನ್ನದೇ ತಪ್ಪು, ಅದನ್ನು ಯಾರ ಮೇಲೂ ಹಾಕುವುದಿಲ್ಲ.

ಆಮೇಲೆ ಅವಳ ಬಲಗೈ ಮೇಜಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಬಾಯಿಯ ಒಂದು ಕಡೆ ಇಳಿದಿತ್ತು.

"ದೊಡ್ಡವ್ವಾ, ಏನಾತ?"

ಅವಳು ಏನೋ ಅಂದಳು. ಮಾತಾಗಲಿಲ್ಲ. ಬಾಳೆಹಣ್ಣು ಹಿಡಿದು ಬಾಗಿಲಿಗೆ ಬಂದ ಇಂಚರಾ ನಕ್ಕಳು.

"ಅತ್ತಿ, ಅಜ್ಜಿ ಯಾಕ ಕಾರ್ಟೂನ್ ಥರಾ ಮಾತಾಡ್ತಾಳ?"

ದೊಡ್ಡವ್ವ ಅಂದರೆ ಅನ್ನಪೂರ್ಣವ್ವ, ನನ್ನ ಅವ್ವನ ಅಕ್ಕ. ಎರಡು ಸಾವಿರದ ಇಪ್ಪತ್ತರ ಜನವರಿಯಲ್ಲಿ ಮಗನ ಮನೆಗೆ ಬರುವಾಗ ಜೊತೆಗಿರಲಿ ಎಂದು ನನ್ನನ್ನು ಮೂರು ತಿಂಗಳ ವೀಸಾ ಮೇಲೆ ಡಚ್ಚರ ದೇಶದ ಬಾಡ್‌ಹೂವೆಡಾರ್ಪ್ ಊರಿಗೆ ಕರೆತಂದಿದ್ದಳು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು, ಮನೆಯಲ್ಲಿ ಖಾಲಿ ಇದ್ದೆ. ವಿಮಾನಗಳು ನಿಂತವು. ಮತ್ತೆ ಶುರುವಾದ ಮೇಲೂ ನನ್ನನ್ನು ಕಳಿಸುವ ಮಾತು ಮುಂದಿನ ತಿಂಗಳಿಗೆ, ಮುಂದಿನ ತಿಂಗಳಿಗೆ ಹೋಯಿತು. ಮಕ್ಕಳನ್ನು ನೋಡಿಕೊಳ್ಳಲು ಕೈಗಳು ಸಿಕ್ಕಿದ್ದವಲ್ಲ. "ಈ ಹುಡುಗೀನ ಊರಿಗೆ ಕಳಸೋ ಶಿವಶರಣಪ್ಪಾ, ಆಕಿಗೂ ಒಂದು ಬಾಳೇವು ಐತಿ" ಎಂದು ಮಗನಿಗೆ ಬಿಡದೆ ಹೇಳುತ್ತಿದ್ದವಳು ದೊಡ್ಡವ್ವ ಒಬ್ಬಳೇ. ನನ್ನ ಪರವಾಗಿ ಆ ಮನೆಯಲ್ಲಿದ್ದ ಬಾಯಿ ಅದೊಂದೇ.

ಏನೇ ಆದರೂ ಮೊದಲು ತನಗೆ ಫೋನ್ ಮಾಡಬೇಕು ಎಂದು ಶಿವಶರಣಪ್ಪಣ್ಣ ಹೇಳಿದ್ದ. ಮಾಡಿದೆ. ಅವನು ಎತ್ತಲಿಲ್ಲ. ನೂರ್ಡ್‌ವೈಕಿನಲ್ಲಿ ಉಪಗ್ರಹದ ಭಾಗಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಅವನ ಕೆಲಸ. ಒಳಗೆ ಹೋಗುವಾಗ ಫೋನನ್ನು ಹೊರಗಿನ ಕಪಾಟಿನಲ್ಲಿಟ್ಟು ಹೋಗಬೇಕು. ನಾಲ್ಕು ಸಲ ಮಾಡಿದೆ. ಆಮೇಲೆ ಅವನ ಹೆಂಡತಿ ವೈಶಾಲಿ ವೈನಿಗೆ ಮಾಡಿದೆ. ಅವರು ತಂದೆ ತೀರಿಕೊಂಡರೆಂದು ಮರುವರ್ಷದ ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಹೋದವರು, ಇಂಡಿಯಾದ ವಿಮಾನಗಳನ್ನು ನಿಲ್ಲಿಸಿದ್ದರಿಂದ ಅಲ್ಲೇ ಸಿಕ್ಕಿಬಿದ್ದಿದ್ದರು.

"ಬಾಯಿ ಸೊಟ್ಟ ಆಗೇತ್ರಿ ವೈನಿ. ಬಲಗೈ ಎತ್ತವಲ್ಲಳು."

"ಬಿಪಿ ಏರಿರಬೇಕು. ಮುಂಜಾನಿ ಗುಳಿಗಿ ಕೊಟ್ಟೀಯೋ ಇಲ್ಲೋ?"

"ಕೊಟ್ಟೀನ್ರಿ. ಆಂಬುಲೆನ್ಸ್ ಕರೀಲ್ರಿ?"

"ಹುಚ್ಚೀ! ಅವರು ಬಂದಕೂಡಲೇ ಮನ್ಯಾಗ ದೊಡ್ಡವರು ಯಾರದಾರ ಅಂತ ಕೇಳ್ತಾರ. ನೀ ಯಾರಂತ ಹೇಳ್ತಿ? ವೀಸಾ ಮುಗದು ವರ್ಷದ ಮ್ಯಾಲಾತು. ನಿನ್ನ ಕೈಯಾಗ ಮಕ್ಕಳ್ನ ಬಿಟ್ಟಾರಂತ ಬರಕೊಂಡ್ರ ನಿಮ್ಮಣ್ಣನ ಪರ್ಮಿಟ್ಟಿನ ಗತಿ ಏನು? ತಡಿ, ಸೋಮಶೇಖರ ಕಾಕಾಗ ಕೇಳ್ತೀನಿ. ನಾ ಹೇಳೂತನಕ ಯಾರನ್ನೂ ಕರೀಬ್ಯಾಡ."

ಸೋಮಶೇಖರ ಕಾಕಾ ಗದಗಿನಲ್ಲಿ ಡಾಕ್ಟರು. ಆ ಮೇ ತಿಂಗಳಲ್ಲಿ ಅವರು ಹಗಲೂ ರಾತ್ರಿ ಕೋವಿಡ್ ವಾರ್ಡಿನಲ್ಲೇ ಇರುತ್ತಿದ್ದರು. ಅಂಥವರು ಫೋನ್ ನೋಡಲಿ ಎಂದು ನಾವು ಕಾದೆವು.

ದೊಡ್ಡವ್ವನನ್ನು ಕುರ್ಚಿಯಿಂದ ಇಳಿಸಿ ನೆಲದ ಮೇಲೆ ಚಾದರ ಹಾಸಿ ಒಂದು ಮಗ್ಗುಲಾಗಿ ಮಲಗಿಸಿದೆ. ಒಲೆ ಆರಿಸಿದೆ. ಸ್ಮೃತಿಯನ್ನು ಅವಳ ಕಟಕಟೆಯ ಮಂಚದಲ್ಲಿ ಕೂಡಿಸಿದೆ; ಅವಳು ಕಿರುಚಿದಳು, ಕಿರುಚಲಿ ಎಂದು ಬಿಟ್ಟೆ. ಹನ್ನೊಂದಾಯಿತು. ಹನ್ನೊಂದು ಕಾಲಾಯಿತು. ವೈನಿಗೆ ಮತ್ತೆ ಮಾಡಿದರೆ, "ಕಾಕಾ ಇನ್ನೂ ಮೆಸೇಜ್ ನೋಡಿಲ್ಲ, ತಡಿ ಅಂದ್ನೆಲ್ಲಾ" ಎಂದು ಇಟ್ಟರು. ದೊಡ್ಡವ್ವ ನನ್ನನ್ನೇ ನೋಡುತ್ತಿದ್ದಳು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು "ಅ... ಅ..." ಅಂದಳು. ಅನಸೂಯಾ ಎನ್ನಲು ಹೋಗಿದ್ದಳು. ಬರಲಿಲ್ಲ. ಬರಲಿಲ್ಲವೆಂದು ಅವಳಿಗೂ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು.

ಇಂಚರಾ ಈಗ ನಗುತ್ತಿರಲಿಲ್ಲ. "ಅತ್ತಿ, ವನ್ ವನ್ ಟೂ ಮಾಡ್ಬೇಕು. ನಮ್ಮ ಟೀಚರ್ ಹೇಳ್ಯಾರ. ಪಪ್ಪಾಗ ಅಲ್ಲ, ವನ್ ವನ್ ಟೂ."

ಹನ್ನೊಂದು ನಲವತ್ತಕ್ಕೆ ಮಾಡಿದೆ. ಮನೆಗೆ ಬಂದ ಪೋಸ್ಟ್‌ಮ್ಯಾನನಿಗೆ ಗುಡ್ ಮಾರ್ನಿಂಗ್ ಹೇಳಲೂ ಬಾಗಿಲ ಹಿಂದೆ ನಿಲ್ಲುವವಳು ನಾನು. "ಗ್ರ್ಯಾಂಡ್‌ಮದರ್. ಮೌತ್ ನಾಟ್ ಸ್ಟ್ರೇಟ್. ಹ್ಯಾಂಡ್ ನೋ" ಎಂದೆ. ಮುಂದಿನದು ಬರಲಿಲ್ಲ. ಇಂಚರಾ ಫೋನಿಗೆ ಬಾಯಿ ಹಚ್ಚಿ ಡಚ್ಚಿನಲ್ಲಿ ಬೀದಿ, ಮನೆ ನಂಬರು ಹೇಳಿದಳು.

ಎಂಟು ನಿಮಿಷಕ್ಕೆ ಬಂದರು. ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರಿಗೂ ಮಾಸ್ಕು. ನೀನು ಯಾರು ಎಂದು ಕೇಳಲಿಲ್ಲ. ವೀಸಾ ಕೇಳಲಿಲ್ಲ. ಆ ಹೆಂಗಸು ದೊಡ್ಡವ್ವನ ಪಕ್ಕದಲ್ಲಿ ಮಂಡಿಯೂರಿ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: ಎಷ್ಟು ಗಂಟೆಗೆ ಶುರುವಾಯಿತು?

ಹತ್ತು ಇಪ್ಪತ್ತು ಎಂದೆ. ಅವಳು ಗಡಿಯಾರ ನೋಡಿದಳು. ತನ್ನ ಕೈಗವಸಿನ ಮೇಲೆ ಪೆನ್ನಿನಿಂದ ಬರೆದುಕೊಂಡಳು.

ಅವರ ಜೊತೆ ಹೋಗಲು ನನಗೆ ಆಗಲಿಲ್ಲ, ಮಕ್ಕಳಿದ್ದವು. ಹೊರಟ ಮೇಲೆ ವೈನಿಗೆ ತಿಳಿಸಿದೆ. "ಕರದೇ ಬಿಟ್ಟೆ ಹಂಗಾರ" ಎಂದರು. ಸೋಮಶೇಖರ ಕಾಕಾ ಒಂದು ಗಂಟೆಗೆ ಉತ್ತರ ಕಳಿಸಿದರು: ತಕ್ಷಣ ಆಸ್ಪತ್ರೆಗೆ ಸೇರಿಸಿ.

ಹದಿನಾರು ದಿನಕ್ಕೆ ದೊಡ್ಡವ್ವ ಗಾಲಿಕುರ್ಚಿಯಲ್ಲಿ ಮನೆಗೆ ಬಂದಳು. ಜೀವ ಉಳಿದಿತ್ತು. ಬಲಗೈ ಬರಲಿಲ್ಲ, ಮಾತು ಬರಲಿಲ್ಲ. ಒಂದು ತಾಸು ಮೊದಲೇ ಬಂದಿದ್ದರೆ ಮಾತು ಉಳಿಯುತ್ತಿತ್ತೇನೋ ಎಂದು ಡಾಕ್ಟರು ಹೇಳಿದ್ದರಂತೆ. ಅಣ್ಣ ನನ್ನ ಫೋನ್ ಇಸಿದುಕೊಂಡು ಯಾರಿಗೆ ಎಷ್ಟು ಹೊತ್ತಿಗೆ ಮಾಡಿದ್ದೆನೆಂದು ನೋಡಿದ. ಹೊತ್ತು ಅದರಲ್ಲಿತ್ತು. ಆಡಿದ ಮಾತು ಇರಲಿಲ್ಲ.

"ಇಷ್ಟೊತ್ತು ಏನ್ ಮಾಡಾಕತ್ತಿದ್ದಿ ಅನಸೂಯಾ? ವೈಶಾಲಿ ಮೊದಲ್ನೇ ಫೋನಿನಾಗ ಆಂಬುಲೆನ್ಸ್ ಕರಿ ಅಂದಾಳಂತಲ್ಲ?"

ನನಗೆ ಬಾಯಿ ಬರಲಿಲ್ಲ. ಅವನು ಅದನ್ನು ಒಪ್ಪಿಗೆ ಎಂದುಕೊಂಡ. ಊರಿನವರೆಲ್ಲರಿಗೂ ಅಷ್ಟರಲ್ಲಿ ಗೊತ್ತಾಗಿತ್ತು: ಅನಸೂಯಾಗೆ ತನ್ನ ವೀಸಾದ ಭಯ, ಅದಕ್ಕೇ ದೊಡ್ಡವ್ವನನ್ನು ನೆಲದ ಮೇಲೆ ಮಲಗಿಸಿ ಕೂತಿದ್ದಳು. ನನ್ನ ಅವ್ವ ಫೋನಿನಲ್ಲಿ ಅತ್ತಳೇ ಹೊರತು ಹೌದೇ ಎಂದು ಕೇಳಲಿಲ್ಲ.

ರವಿವಾರ ಮಧ್ಯಾಹ್ನ ಊಟದ ಹೊತ್ತಿಗೆ ವೈನಿಯ ವಿಡಿಯೋ ಕಾಲ್ ಬಂತು. ಅಣ್ಣ ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ಇಟ್ಟ. ನಾನು ದೊಡ್ಡವ್ವನ ಬಾಯಿಗೆ ಗಂಜಿ ಹಾಕುತ್ತಿದ್ದೆ. ಅರ್ಧ ಹೊರಗೆ ಬರುತ್ತಿತ್ತು, ಒರೆಸುತ್ತಿದ್ದೆ.

"ಆಕೀಗೆ ಬೈಬ್ಯಾಡ್ರಿ," ಎಂದರು ವೈನಿ ಅಣ್ಣನಿಗೆ. ದನಿ ಮೆತ್ತಗಿತ್ತು. "ಸಣ್ಣಾಕಿ, ಸಾಲಿ ಕಲ್ತಿಲ್ಲ, ಅಂಜಿ ಬಿಟ್ಲು. ನಾ ಹೇಳಿದ್ದು ತಲಿಗೆ ಹೋಗಲಿಲ್ಲ ಆಕೀಗೆ. ನಾ ಏನೂ ಮನಸಿನಾಗ ಇಟ್ಕೊಂಡಿಲ್ಲ ಅನಸೂಯಾ."

ದೊಡ್ಡವ್ವನ ಎಡಗೈ ಮೇಜಿಗೆ ಒಮ್ಮೆ ಬಡಿಯಿತು. "ಅ... ಅ..." ಅಂದಳು. "ಹಸಿವೇನೋ, ಹಾಕು" ಎಂದ ಅಣ್ಣ.

ನಾನು ಚಮಚೆ ಕೆಳಗಿಟ್ಟೆ. ಆ ಮನೆಯಲ್ಲಿ ನಾನಾಗಿಯೇ ಮಾತು ತೆಗೆದದ್ದು ಅದೇ ಮೊದಲು.

"ವೈನಿ, ಆಂಬುಲೆನ್ಸ್ ಕರೀಲ್ರಿ ಅಂತ ಅವತ್ತ ನಾ ಕೇಳಿದ್ನಿ. ಅದಕ್ಕ ನೀವು ಏನಂದ್ರಿ, ಅಣ್ಣಾಗ ಹೇಳ್ರಿ."

ವೈನಿ ಪರದೆಯಲ್ಲಿ ಪಕ್ಕಕ್ಕೆ ನೋಡಿದರು, ಅಲ್ಲಿ ಯಾರೋ ಕರೆದವರ ಹಾಗೆ. ಅಣ್ಣ ಅನ್ನಕ್ಕೆ ಸಾರು ಹಾಕಿಕೊಂಡು ಕಲಸತೊಡಗಿದ. ಇಂಚರಾ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಹೇಳ್ರಿ ವೈನಿ," ಎಂದೆ. "ಅಷ್ಟ ಹೇಳ್ರಿ."