ಬಿಳಿ ಬಣ್ಣದ ಬಟ್ಟಲು

ಕನ್ನಡಿಗಳು ಒಟ್ಟುಮಾಡಿ ಸುರಿಯುವ ಬಿಸಿಲಿಗೆ ಕಾದರೆ ಅಕ್ಕನ ಪುಡಿ ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡಬೇಕು. ಆಮೇಲೆ ಉಗಿ ಹಾಯಿಸಿದರೆ, ಉಗಿಯಿಂದ ಅದನ್ನು ಕಿತ್ತುಕೊಂಡು ಮೊದಲಿನಂತಾಗಬೇಕು. ಉಳಿಯುವುದು ಜಲಜನಕ, ಅಂದರೆ ಇಂಧನ. ಎರಡು ಲೋಹಗಳ ಆಕ್ಸೈಡು ಬೆರೆಸಿದ ಆ ಕಂದು ಪುಡಿಗಾಗಿ ಅವಳು ಏಳು ವರ್ಷ ತಲೆ ಕೆಡಿಸಿಕೊಂಡಿದ್ದಳು. ನೆಂಟರ ಮನೆಗೆ ಹೋದರೂ ಅದೇ ಪುರಾಣ. ಅವಳನ್ನು ಕಂಡರೆ ಅವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ಮೂರನೆಯ ಲೋಹವೊಂದನ್ನು ಚಿಟಿಕೆಯಷ್ಟು ಸೇರಿಸಿದಳು ನೋಡಿ, ಜಲಜನಕದ ಮಾಪಕದ ಮುಳ್ಳು ಹತ್ತರಿಂದ ಮೂವತ್ತಕ್ಕೆ ಹಾರಿತು. ಅಂದಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಇವತ್ತು ಮಧ್ಯಾಹ್ನ ಹಣ ಮಂಜೂರು ಮಾಡುವ ಸಮಿತಿಯವರು ಬರುವವರಿದ್ದರು. ಅವರು ಹೂಂ ಅಂದರೆ ಅವಳ ಪುಡಿಗೆಂದೇ ಬಿಸಿಲಿನಿಂದ ಇಂಧನ ಮಾಡುವ ದೊಡ್ಡ ಗೋಪುರ ಏಳುತ್ತದೆ, ಇಲ್ಲವಾದರೆ ಏಳು ವರ್ಷದ ಕೆಲಸ ಅಲ್ಲಿಗೇ ಮುಗಿಯಿತು.

ಪುಡಿ ಅಕ್ಕನದು, ಬಟ್ಟಲು ತಮ್ಮನದು, ಹಾಗೆ ನಡೆದುಬಂದಿತ್ತು. ವೆಲ್ಡಿಂಗ್ ಕೆಲಸದ ತಮ್ಮನೇ ಪುಡಿಯನ್ನು ಪಿಂಗಾಣಿ ಬಟ್ಟಲಿಗೆ ತುಂಬಿ ಕುಲುಮೆಯಲ್ಲಿಟ್ಟು ತೆಗೆಯುತ್ತಿದ್ದ. ಅವನು ಹೊರಗೆ ಕನ್ನಡಿ ಒರೆಸುತ್ತಿದ್ದನಲ್ಲ, ಇವತ್ತು ತಾನೇ ತೊಳೆದಿಡೋಣವೆಂದು ಅಕ್ಕ ಬಟ್ಟಲನ್ನು ಎತ್ತಿಕೊಂಡಳು. ಅಂಚು ಬೆರಳಲ್ಲೇ ಮುರಿದುಬಂತು. ಮೇಲೆ ಬಿಳಿ ಬಣ್ಣ, ಒಳಗೆ ಕಪ್ಪಗೆ ಪದರು ಪದರಾಗಿ ಎದ್ದ ಕಬ್ಬಿಣ.

“ಏನೋ ಇದು?”

ತಮ್ಮ ಒರೆಸುವ ಬಟ್ಟೆ ಹಿಡಿದೇ ಓಡಿಬಂದ. ನೋಡಿದವನೇ ತಲೆ ಕೆರೆದುಕೊಂಡ.

“ಪಿಂಗಾಣಿದು ಕೈ ಜಾರಿ ಒಡೆದುಹೋಯ್ತಕ್ಕ. ಹೊಸದು ಬರೋಕೆ ಆರು ತಿಂಗಳು ಅಂದ್ರು. ಅಷ್ಟು ದಿನದ ಬಿಸಿಲು ಹಾಳಾಯ್ತು ಅಂತ ನೀನು ಊಟ ಬಿಡ್ತೀಯ. ಅದಕ್ಕೇ ನಾನೇ ಕಬ್ಬಿಣದಲ್ಲಿ ಮಾಡಿ ಕುಲುಮೆಗೆ ಹಚ್ಚೋ ಬಿಳಿ ಬಣ್ಣ ಬಳಿದೆ. ಬಿಸಿ ತಡ್ಕೊಳುತ್ತಲ್ಲ, ಏನೀಗ?”

“ಯಾವಾಗ?”

“ನೀನು ಆ ಚಿಟಿಕೆ ಸೇರಿಸಿದ್ಯಲ್ಲ, ಅದೇ ವಾರ.”

ಕಾದ ಕಬ್ಬಿಣವೂ ಉಗಿಯಿಂದ ಆಮ್ಲಜನಕ ಕಿತ್ತುಕೊಂಡು ಜಲಜನಕ ಬಿಡುತ್ತದೆ. ಆದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ, ಸವೆದು ಸವೆದು ಹೋಗುತ್ತದೆ ಅಷ್ಟೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ! ಬರಿಯ ಬಟ್ಟಲನ್ನು ಒಮ್ಮೆ ಇಟ್ಟು ನೋಡಬೇಕೆಂಬ ಬುದ್ಧಿ ನಾಲ್ಕು ತಿಂಗಳಲ್ಲಿ ಒಂದು ದಿನವೂ ಬರಲಿಲ್ಲವೇ ಈ ಪಂಡಿತೆಗೆ?

“ಇಡು,” ಅಂದಳು. “ಪುಡಿ ಬೇಡ. ಬರೀ ಬಟ್ಟಲು.”

ಕನ್ನಡಿಗಳು ತಿರುಗಿದವು. ಕುಲುಮೆ ಕೆಂಪಾಗಿ ಕಾದಿತು, ಉಗಿ ಹಾಯಿತು. ಮುಳ್ಳು ಮೇಲೇರತೊಡಗಿತು. ಇಪ್ಪತ್ತಕ್ಕಾದರೂ ನಿಲ್ಲಲಿ, ಉಳಿದ ಹತ್ತಾದರೂ ನನ್ನ ಪುಡಿಯದಾಗಲಿ ಎಂದು ಅವಳ ಜೀವ ಬೇಡಿಕೊಂಡಿತು. ಮುಳ್ಳು ಇಪ್ಪತ್ತನ್ನು ದಾಟಿತು. ಇಪ್ಪತ್ತೈದನ್ನೂ ದಾಟಿತು. ಮೂವತ್ತಕ್ಕೆ ಹೋಗಿ ನಿಂತಿತು. ಹಾಗಾದರೆ ಪುಡಿಯ ಹಳೆಯ ಹತ್ತನ್ನೂ ಆ ಚಿಟಿಕೆಯೇ ನುಂಗಿಹಾಕಿತ್ತು.

ಬೆನ್ನ ಹಿಂದೆ ಚಪ್ಪಾಳೆ ಕೇಳಿಸಿತು. ಹೊತ್ತಿಗೆ ಮುಂಚೆಯೇ ಬಂದಿದ್ದ ಸಮಿತಿಯವರು ಬಾಗಿಲಲ್ಲಿ ನಿಂತು ಮಾಪಕವನ್ನೇ ನೋಡುತ್ತಿದ್ದರು.

“ಭೇಷ್! ನಾವು ಕೇಳಿದ್ದು ನಿಜಾನೇ,” ಎಂದರು ಅವರಲ್ಲಿ ಹಿರಿಯರು. “ಈ ಪುಡಿ ಮಾಡೋಕೆ ಎಷ್ಟು ವರ್ಷ ಹಿಡೀತಮ್ಮ?”

“ಏಳು ವರ್ಷ ಸರ್,” ಎಂದಳು. “ಆದ್ರೆ ಅದು ಒಳಗಿಲ್ಲ. ಇನ್ನೂ ಡಬ್ಬಿಲೇ ಇದೆ.”